ದೇವರಾಜ ಅರಸು: ಫಾರಂ 7 ನಿಜಕ್ಕೂ ಹೇಗೆ ಕೆಲಸ ಮಾಡಿತು? 149 ಸೀಟು ಗೆದ್ದವರು ಎರಡೇ ವರ್ಷಕ್ಕೆ ಇಳಿದದ್ದೇಕೆ?

ನಾಲೆಬದಿ (ಪ್ರಶ್ನೆ)

ಪದವಿ ತರಗತಿಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಅರಸು ಅವರ ಬಗ್ಗೆ ಒಂದು ಗಂಟೆಯ ಪಾಠದ ಟಿಪ್ಪಣಿ ತಯಾರಾಗಬೇಕಿದೆ. ಪ್ರತಿ ಆಗಸ್ಟ್ 20ಕ್ಕೆ ಸಿಗುವ ಭಾಷಣಗಳಲ್ಲಿ ‘ಹಿಂದುಳಿದವರ ಹರಿಕಾರ’, ‘ಉಳುವವನೇ ಹೊಲದೊಡೆಯ’, ‘ಮೌನಕ್ರಾಂತಿ’ ಈ ಮೂರು ಮಾತು ಬಿಟ್ಟರೆ ಕೈಗೆ ಹತ್ತುವಂಥದ್ದು ಏನೂ ಇರುವುದಿಲ್ಲ. ಬಲ್ಲವರು ಇವಿಷ್ಟನ್ನು ಬಿಡಿಸಿ ಹೇಳಬೇಕು:

ಒಂದು, ಮುಖ್ಯಮಂತ್ರಿ ಅವಧಿ. ಒಂದು ಕಡೆ 1972–77, ಇನ್ನೊಂದು ಕಡೆ 1972–80 ಅಂತಿದೆ. ಐದು ವರ್ಷದ ವಿಧಾನಸಭೆ 1977ರ ಡಿಸೆಂಬರ್‌ವರೆಗೆ ಹೇಗೆ ಎಳೆಯಿತು?

ಎರಡು, ಭೂಸುಧಾರಣಾ ಕಾಯ್ದೆ 1961ರದ್ದೇ ಇತ್ತಲ್ಲ. 1974ರಲ್ಲಿ ಹೊಸದೇನು? ಗೇಣಿದಾರ ಫಾರಂ 7ರಲ್ಲಿ ಅರ್ಜಿ ಹಾಕಿದ ದಿನದಿಂದ ಪಹಣಿಯಲ್ಲಿ ಹೆಸರು ಕೂರುವವರೆಗೆ ಏನೇನು ನಡೆಯುತ್ತಿತ್ತು, ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು?

ಮೂರು, ಹಿಂದುಳಿದವರ ಮೀಸಲಾತಿ ಕುರಿತ ಹಾವನೂರು ವರದಿ. ಶೇ 32, 40, 58, 68 ಎಲ್ಲ ಅಂಕಿಗಳೂ ಕಾಣಿಸುತ್ತವೆ. ಯಾವುದು ಯಾವುದರದ್ದು?

ನಾಲ್ಕು, 1978ರಲ್ಲಿ ಅಷ್ಟು ದೊಡ್ಡ ಗೆಲುವು ಕಂಡು 1980ರ ಜನವರಿಗೆ ಮನೆಗೆ. ಇಂದಿರಾ ಜೊತೆ ಜಗಳ ಅಂದುಬಿಟ್ಟರೆ ಸಾಕೇ?

ಕಡತಕೋಣೆ

ಮೊದಲನೆಯದಕ್ಕೆ ಉತ್ತರ. ಹುಟ್ಟಿದ್ದು 1915ರ ಆಗಸ್ಟ್ 20, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ತೀರಿಕೊಂಡದ್ದು 1982ರ ಜೂನ್ 6. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯ, 1942ರ ಚಳವಳಿಯಲ್ಲಿ ಜೈಲು, 1952ರಿಂದ ಹುಣಸೂರಿನ ಶಾಸಕ, ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿ. ಅಂದರೆ ಮುಖ್ಯಮಂತ್ರಿ ಆಗುವ ಹೊತ್ತಿಗೆ ಮೂವತ್ತು ವರ್ಷದ ರಾಜಕೀಯ ಬೆನ್ನಿಗಿತ್ತು. ‘1972ರಲ್ಲಿ ಎಲ್ಲಿಂದಲೋ ಬಂದರು’ ಅನ್ನುವ ಮಾತನ್ನು ಟಿಪ್ಪಣಿಗೆ ಸೇರಿಸಬೇಡಿ.

ತಿರುವು ಸಿಕ್ಕಿದ್ದು 1969ರಲ್ಲಿ. ಕಾಂಗ್ರೆಸ್ ಒಡೆದಾಗ ಮೈಸೂರು ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪ, ವೀರೇಂದ್ರ ಪಾಟೀಲರ ಜೊತೆ ಸಂಸ್ಥಾ ಕಾಂಗ್ರೆಸ್ಸಿಗೆ ಹೋದರು. ಇಂದಿರಾ ಕಡೆಯ ಪಕ್ಷವನ್ನು ಇಲ್ಲಿ ಬುಡದಿಂದ ಕಟ್ಟುವ ಕೆಲಸ ಅರಸು ಪಾಲಿಗೆ ಬಂತು. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27, 1972ರ ವಿಧಾನಸಭೆಯಲ್ಲಿ 216ಕ್ಕೆ 165.

ಮುಖ್ಯಮಂತ್ರಿ ಅವಧಿ ಎರಡು ತುಂಡು. 1972ರ ಮಾರ್ಚ್ 20ರಿಂದ 1977ರ ಡಿಸೆಂಬರ್ 31 ಮೊದಲನೆಯದು. ಆಮೇಲೆ ಸುಮಾರು ಎರಡು ತಿಂಗಳು ರಾಷ್ಟ್ರಪತಿ ಆಳ್ವಿಕೆ. 1978ರ ಫೆಬ್ರವರಿ 28ರಿಂದ 1980ರ ಜನವರಿ ಎರಡನೆಯದು. ಕೊನೆಯ ದಿನವನ್ನು ಕೆಲವು ಪಟ್ಟಿ ಜನವರಿ 7 ಎನ್ನುತ್ತವೆ, ಕೆಲವು 12 ಎನ್ನುತ್ತವೆ. ಅವರ ನಂತರದ ಮುಖ್ಯಮಂತ್ರಿ ಗುಂಡೂರಾವ್ ಪ್ರಮಾಣ ವಚನ ತೆಗೆದುಕೊಂಡದ್ದು 12ಕ್ಕೆ. ಪರೀಕ್ಷೆಗೆ ಬರೆಯಿಸುವಾಗ ‘1980ರ ಜನವರಿ’ ಅಂದರೆ ತಕರಾರಿಲ್ಲ.

ಐದು ವರ್ಷದ ಸಭೆ ಎಳೆದದ್ದಕ್ಕೆ ಕಾರಣ ತುರ್ತು ಪರಿಸ್ಥಿತಿ. ಸಂವಿಧಾನದ 42ನೇ ತಿದ್ದುಪಡಿ ಸದನಗಳ ಅವಧಿಯನ್ನು ಆರು ವರ್ಷ ಮಾಡಿತ್ತು. ಹಾಗಾಗಿ 1972ರ ಸಭೆಗೆ 1978ರವರೆಗೆ ಆಯಸ್ಸಿತ್ತು.

ಆಯಸ್ಸಿದ್ದೂ 1977ರ ಡಿಸೆಂಬರ್‌ನಲ್ಲಿ ಯಾಕೆ ಹೋಯಿತು ಅನ್ನುವುದರ ಹಿಂದೆ ಗ್ರೋವರ್ ಆಯೋಗದ ಕಥೆ ಇದೆ. ಮಾರ್ಚ್‌ನಲ್ಲಿ ದಿಲ್ಲಿಗೆ ಜನತಾ ಸರ್ಕಾರ ಬಂತು. ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿಹೋದ ಆ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಅರಸು ಮೇಲಿನ ಆರೋಪಗಳಿಗೆ ಕೇಂದ್ರ ಆಯೋಗ ನೇಮಿಸುತ್ತದೆ ಎಂಬ ಸುಳಿವು ಸಿಕ್ಕಿತು. ಮೇ 18ರಂದು ರಾಜ್ಯವೇ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನ್ ಆಯೋಗ ನೇಮಿಸಿತು. ಲೆಕ್ಕ ಸರಳ: ಒಂದೇ ವಿಷಯಕ್ಕೆ ರಾಜ್ಯದ ಆಯೋಗ ಇದ್ದರೆ ಕೇಂದ್ರ ಇನ್ನೊಂದು ನೇಮಿಸಬಾರದು ಎಂದು ವಿಚಾರಣಾ ಆಯೋಗ ಕಾಯ್ದೆಯಲ್ಲಿದೆ. ಕೇಂದ್ರ ಬಿಡಲಿಲ್ಲ, ಮೇ 23ಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರನ್ನು ನೇಮಿಸಿತು. ರಾಜ್ಯ ಸಂವಿಧಾನದ 131ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ದಾವೆ ಹೂಡಿತು, ಏಳು ಜನರ ಪೀಠ ಬಹುಮತದಿಂದ ವಜಾ ಮಾಡಿತು. ‘ಕರ್ನಾಟಕ ರಾಜ್ಯ ವಿರುದ್ಧ ಭಾರತ ಒಕ್ಕೂಟ’ ಎಂಬ ಈ ತೀರ್ಪು ಕೇಂದ್ರ–ರಾಜ್ಯ ಸಂಬಂಧದ ಪಾಠದಲ್ಲೂ ಬರುತ್ತದೆ, ವಿದ್ಯಾರ್ಥಿಗಳಿಗೆ ಎರಡು ಕಡೆ ಉಪಯೋಗ. ದಿಲ್ಲಿಯ ಜೊತೆಗಿನ ಈ ತಿಕ್ಕಾಟದ ನಡುವೆಯೇ ಡಿಸೆಂಬರ್ 31ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಮುಂದೆ ಗ್ರೋವರ್ ಆಯೋಗ ಕೆಲವು ಆರೋಪಗಳು ರುಜುವಾತಾಗಿವೆ ಎಂದಿತು. ಅರಸು ಬಗ್ಗೆ ಬರೆಯುವವರು ಇದನ್ನು ನುಂಗಿಬಿಡುತ್ತಾರೆ. ನೀವು ನುಂಗಬೇಡಿ.

ಗೇಣಿಚೀಟಿ

ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕಾಗುತ್ತದೆ.

ಮೊದಲಿಗೆ, ಈ ಕಾಯ್ದೆ ಅರಸು ಕಾಲದಲ್ಲಿ ಹುಟ್ಟಿದ್ದಲ್ಲ. ಮಲೆನಾಡಿನ ಗೇಣಿದಾರರ ಕಾಗೋಡು ಸತ್ಯಾಗ್ರಹ 1951ರದ್ದು. ‘ಉಳುವವನೇ ಹೊಲದೊಡೆಯ’ ಎಂಬುದನ್ನು ಮಲೆನಾಡಿನಲ್ಲಿ ಕೂಗಿದವರು ಸಮಾಜವಾದಿಗಳು. ಕಡಿದಾಳ್ ಮಂಜಪ್ಪನವರ ಕಾಲದ ಗೇಣಿ ಕಾಯ್ದೆ 1952ರದ್ದು. ರಾಜ್ಯ ಒಂದಾದ ಮೇಲೆ ಹಳೇ ಮೈಸೂರು, ಮುಂಬೈ, ಹೈದರಾಬಾದು, ಮದರಾಸು, ಕೊಡಗು ಐದೂ ಕಡೆಯ ಗೇಣಿ ಕಾನೂನುಗಳನ್ನು ಒಂದು ಮಾಡಲು ಬಿ.ಡಿ. ಜತ್ತಿ ಸಮಿತಿ ಕೂತಿತು, ಅದರಿಂದ 1961ರ ಕಾಯ್ದೆ ಬಂತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ.

ಆ ಕಾಯ್ದೆ ಕೈಕೊಟ್ಟದ್ದೆಲ್ಲಿ ಎಂದರೆ, ಧಣಿಗೆ ‘ಸ್ವಂತ ಸಾಗುವಳಿ ಮಾಡುತ್ತೇನೆ’ ಎಂದು ಗೇಣಿ ಜಮೀನಿನ ಅರ್ಧದವರೆಗೆ ಹಿಂದಕ್ಕೆ ಪಡೆಯಲು ಅವಕಾಶ ಇತ್ತು. ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿ 27 ಸ್ಟ್ಯಾಂಡರ್ಡ್ ಎಕರೆ (ಜಮೀನಿನ ಗುಣಕ್ಕೆ ತಕ್ಕಂತೆ ಲೆಕ್ಕ ಹಾಕಿದ ಎಕರೆ), ಅದರ ಮೇಲೆ ಸಾಲು ಸಾಲು ವಿನಾಯಿತಿ. ತಕರಾರು ಹೋಗುತ್ತಿದ್ದದ್ದು ಕೋರ್ಟಿಗೆ. ಗೇಣಿದಾರನ ಕೈಯಲ್ಲಿ ರಸೀದಿ ಇಲ್ಲ, ಚೀಟಿ ಇಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲ.

1973ರಲ್ಲಿ ಮಂಜೂರಾಗಿ 1974ರ 1ನೇ ಕಾಯ್ದೆ ಎನಿಸಿಕೊಂಡ ತಿದ್ದುಪಡಿ ಈ ಮೂರೂ ತೂತನ್ನು ಮುಚ್ಚಿತು. ಹೇಗೆ ಅಂದರೆ:

ಕಲಂ 44. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಎಲ್ಲ ಜಮೀನೂ ಸರ್ಕಾರಕ್ಕೆ ಸೇರಿತು. ಆ ಬೆಳಗಿನಿಂದ ಧಣಿಗೂ ಜಮೀನಿಗೂ ಸಂಬಂಧ ಕಡಿಯಿತು. ಗೇಣಿದಾರ ಈಗ ಧಣಿಯ ಮೇಲೆ ಮೊಕದ್ದಮೆ ಹೂಡಬೇಕಾಗಿಲ್ಲ, ಸರ್ಕಾರಕ್ಕೆ ಅರ್ಜಿ ಕೊಟ್ಟರಾಯಿತು. ಇಡೀ ಕಾಯ್ದೆಯ ಕೀಲು ಇದೇ. ಈ ಒಂದು ದಿನಾಂಕವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿದರೂ ತಪ್ಪಿಲ್ಲ, ಇವತ್ತಿಗೂ ಪ್ರತಿ ಕೇಸು ‘1-3-1974ರಂದು ಯಾರು ಉಳುತ್ತಿದ್ದರು’ ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ಕಲಂ 48. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅಧ್ಯಕ್ಷರು ಅಸಿಸ್ಟೆಂಟ್ ಕಮಿಷನರ್, ಜೊತೆಗೆ ಸರ್ಕಾರ ನಾಮಕರಣ ಮಾಡಿದ ನಾಲ್ವರು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಹಲವೆಡೆ ಶಾಸಕರೇ ಸದಸ್ಯರಾಗಿದ್ದರು. ವಕೀಲರಿಗೆ ಪ್ರವೇಶ ಇಲ್ಲ. ಸಿವಿಲ್ ಕೋರ್ಟಿನಲ್ಲಿ ಗೇಣಿಯ ಪ್ರಶ್ನೆ ಎದ್ದರೆ ಕಲಂ 133ರಂತೆ ಅದನ್ನು ಮಂಡಳಿಗೇ ಕಳಿಸಬೇಕು. ಮೇಲ್ಮನವಿ ಇಲ್ಲ. ಉಳಿದ ದಾರಿ ಹೈಕೋರ್ಟಿನ ರಿಟ್ ಒಂದೇ.

ಇನ್ನು ಅರ್ಜಿಯ ದಾರಿ. ಗೇಣಿದಾರ ಕಲಂ 48ಎ ಪ್ರಕಾರ ಫಾರಂ 7 ತುಂಬಿ ಮಂಡಳಿಗೆ ಕೊಡುತ್ತಾನೆ: ಸರ್ವೆ ನಂಬರ್, ವಿಸ್ತೀರ್ಣ, ಧಣಿಯ ಹೆಸರು, ಎಷ್ಟು ವರ್ಷದಿಂದ ಸಾಗುವಳಿ, ಗೇಣಿ ಎಷ್ಟು. ಮೊದಲ ಗಡುವು 1974ರ ಡಿಸೆಂಬರ್ 31 ಇತ್ತು, ಸಾಕಷ್ಟು ಸಲ ಮುಂದೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿ ಬಂದ ಮೇಲೆ ಊರಲ್ಲಿ ಸಾರ್ವಜನಿಕ ನೋಟಿಸು, ಧಣಿಗೂ ಇತರ ಹಕ್ಕುದಾರರಿಗೂ ಪ್ರತ್ಯೇಕ ನೋಟಿಸು. ಆಕ್ಷೇಪಣೆ ಬರದಿದ್ದರೆ ನೇರ ಮಂಜೂರು. ಬಂದರೆ ವಿಚಾರಣೆ: ಪಹಣಿ, ಗೇಣಿ ರಸೀದಿ, ಅಕ್ಕಪಕ್ಕದ ಹೊಲದವರ ಹೇಳಿಕೆ. ಆದೇಶವಾದ ಮೇಲೆ ಗೇಣಿದಾರ ಅಧಿಭೋಗದಾರ (ಜಮೀನಿನ ಹಕ್ಕು ಪಡೆದವ) ಎಂದು ನೋಂದಣಿಯಾಗುತ್ತಾನೆ, ನಿಗದಿಯಾದ ಪ್ರೀಮಿಯಂ ಕಟ್ಟುತ್ತಾನೆ, ತಹಶೀಲ್ದಾರರು ಫಾರಂ 10ರಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನಿಟ್ಟು ಮ್ಯುಟೇಶನ್ (ದಾಖಲೆಯಲ್ಲಿ ಹಕ್ಕು ಬದಲಾವಣೆ) ಆದರೆ ಪಹಣಿಯ 9ನೇ ಕಾಲಂನಲ್ಲಿ ಹೆಸರು ಕೂರುತ್ತದೆ. ಧಣಿಗೆ ಪರಿಹಾರ ಕೊಡುವುದು ಸರ್ಕಾರ, ಗೇಣಿದಾರನ ಕೈಯಿಂದ ನೇರವಾಗಿ ಅಲ್ಲ.

ಎಂಟು ಲಕ್ಷಕ್ಕೂ ಮೀರಿ ಅರ್ಜಿ ಬಂದವು, ಐದು ಲಕ್ಷಕ್ಕೆ ಹತ್ತಿರ ಗೇಣಿದಾರರ ಪರವಾಗಿ ಇತ್ಯರ್ಥವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡು, ಇಲ್ಲೇ ಇದರ ನಿಜವಾದ ಪೆಟ್ಟು. ಚಾಲಗೇಣಿ ಒಕ್ಕಲುಗಳು (ಧಣಿ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿದಾರರು) ಅಡಿಕೆ, ಭತ್ತದ ಜಮೀನಿಗೆ ಒಡೆಯರಾದರು. ಕರಾವಳಿಯವರೇ ಆದ ಬಿ. ಸುಬ್ಬಯ್ಯ ಶೆಟ್ಟಿ ಭೂಸುಧಾರಣೆಯ ಮಂತ್ರಿಯಾಗಿದ್ದದ್ದನ್ನೂ ಇಲ್ಲಿ ಹೇಳಬೇಕು.

ಎಲ್ಲಿ ಕೆಡುತ್ತಿತ್ತು? ಹೆಚ್ಚು ಕಂಡದ್ದು ಇವು.

ಪಹಣಿಯ 12ನೇ ಕಾಲಂ. ಸಾಗುವಳಿದಾರನ ಹೆಸರು ಬರೆಯುವ ಜಾಗ ಅದು, ಬರೆಯುತ್ತಿದ್ದವರು ಗ್ರಾಮಲೆಕ್ಕಿಗರು. 1974ಕ್ಕೆ ಮುಂಚಿನ ವರ್ಷಗಳಲ್ಲಿ ಅಲ್ಲಿ ‘ಸ್ವತಃ’ ಎಂದು ಧಣಿಯ ಹೆಸರಿಗೆ ಬರೆದಿದ್ದರೆ ಗೇಣಿದಾರನಿಗೆ ಭಾರಿ ಕಷ್ಟ. ದಾಖಲೆಯಲ್ಲಿರುವುದೇ ಸತ್ಯ ಎಂಬ ಊಹೆಗೆ ಕಂದಾಯ ಕಾಯ್ದೆಯ ಬಲವಿದೆ. ಅದನ್ನು ಬಾಯಿಮಾತಿನ ಸಾಕ್ಷಿಯಿಂದ ಮುರಿಯಬೇಕು.

ಕೂಲಿಯೋ ಗೇಣಿಯೋ ಎಂಬ ತಕರಾರು. ಕಲಂ 4 ಪ್ರಕಾರ ಬೇರೆಯವರ ಜಮೀನನ್ನು ಕಾನೂನುಬದ್ಧವಾಗಿ ಉಳುವವ ಗೇಣಿದಾರ ಎಂದೇ ಪರಿಗಣಿತ, ಆದರೆ ಅವನು ಮಾಲೀಕನ ಮನೆಯವನೂ ಸಂಬಳದ ಆಳೂ ಭೋಗ್ಯದಾರನೂ ಆಗಿರಬಾರದು. ಧಣಿಗಳ ಮಾಮೂಲಿ ಉತ್ತರ ‘ಇವನು ನಮ್ಮ ಆಳು’ ಅಂತ. ಪಾಲಿಗೆ ಉಳುತ್ತಿದ್ದವನಿಗೂ ಆಳಿಗೂ ನಡುವಿನ ಗೆರೆ ಎಳೆಯುವುದು ಸುಲಭ ಇರಲಿಲ್ಲ.

ವಿಚಾರಣೆಯ ಅವಸರ. 1974ರ ನಿಯಮಾವಳಿಯ 17ನೇ ನಿಯಮದಂತೆ ಹೇಳಿಕೆ ದಾಖಲಿಸಿ ಪಾಟೀಸವಾಲಿಗೆ ಅವಕಾಶ ಕೊಡಬೇಕು. ಒಂದೇ ದಿನ ಹತ್ತಾರು ಅರ್ಜಿ ಎತ್ತಿಕೊಂಡ ಮಂಡಳಿಗಳು ಎರಡು ಸಾಲಿನ ಆದೇಶ ಬರೆದವು. ಧಣಿ ರಿಟ್ ಹಾಕಿದ, ಹೈಕೋರ್ಟು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು, ಮತ್ತೆ ಆದೇಶ, ಮತ್ತೆ ರಿಟ್. ಗೇಣಿದಾರನ ಪರ ವಾಲಿದ ಅವಸರವೇ ಗೇಣಿದಾರನನ್ನು ಇಪ್ಪತ್ತು ವರ್ಷ ಅಲೆಸಿದ ಉದಾಹರಣೆಗಳು ಬೇಕಾದಷ್ಟಿವೆ. ವಕೀಲರನ್ನು ಹೊರಗಿಟ್ಟ ಕಲಂ 48(8)ನ್ನು 1987ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು, ಉಳಿದ ಕಾಯ್ದೆಯನ್ನು ಎತ್ತಿಹಿಡಿಯಿತು. 1986ರಲ್ಲಿ ಜಿಲ್ಲಾ ಮಟ್ಟದ ಮೇಲ್ಮನವಿ ಪ್ರಾಧಿಕಾರ ತಂದರು, 1990ಕ್ಕೆ ಅದನ್ನು ತೆಗೆದರು.

ಕಲಂ 61. ಅಧಿಭೋಗದ ಹಕ್ಕು ಸಿಕ್ಕ ಜಮೀನನ್ನು 15 ವರ್ಷ ಮಾರುವಂತಿಲ್ಲ. ಮಾರಿದರೆ ಕ್ರಯ ಅಸಿಂಧು, ಜಮೀನು ಸರ್ಕಾರಕ್ಕೆ. ಮಗಳ ಮದುವೆಗೆಂದು ಕರಾರುಪತ್ರ ಬರೆದು ಸ್ವಾಧೀನ ಬಿಟ್ಟುಕೊಟ್ಟವರು ಆಮೇಲೆ ತಲೆ ಮೇಲೆ ಕೈ ಹೊತ್ತರು.

ಕಡೆಯದು ಮನೆಯೊಳಗಿನದು. ಅರ್ಜಿ ಅಣ್ಣನ ಹೆಸರಲ್ಲಿ, ಉಳುತ್ತಿದ್ದವರು ನಾಲ್ವರು ತಮ್ಮಂದಿರು. ಹಕ್ಕು ಅಣ್ಣನಿಗಷ್ಟೋ ಕುಟುಂಬಕ್ಕೋ? ಇಂದು ಪಾಲಿನ ದಾವೆಗಳಲ್ಲಿ ಫಾರಂ 7ರ ನಕಲು ಹುಡುಕುವವರಲ್ಲಿ ಅರ್ಧ ಜನ ಈ ಗುಂಪಿನವರು.

ಎರೆಹೊಲ

ಗೇಣಿಚೀಟಿ ಬರೆದದ್ದು ಕರಾವಳಿ–ಮಲೆನಾಡಿಗೆ ಸರಿ. ಆದರೆ ‘ಕರ್ನಾಟಕದ ಭೂಸುಧಾರಣೆ’ ಅಂತ ಪಾಠ ಮಾಡುವಾಗ ಮಿತಿಯ ಭಾಗ ಸೋತದ್ದನ್ನು ಹೇಳದಿದ್ದರೆ ಅರ್ಧ ಸತ್ಯ. ಕಲಬುರಗಿ, ರಾಯಚೂರು, ವಿಜಯಪುರದ ದೊಡ್ಡ ಹಿಡುವಳಿಗಳು ಹೆಚ್ಚಾಗಿ ಸ್ವಂತ ಸಾಗುವಳಿ ಎಂದೇ ದಾಖಲಾಗಿದ್ದವು. ಅಲ್ಲಿ ಫಾರಂ 7 ಹಾಕುವವರೇ ಕಡಿಮೆ. ಅಲ್ಲಿ ಕೆಲಸ ಮಾಡಬೇಕಿದ್ದದ್ದು ಕಲಂ 63ರ ಮಿತಿ.

ಮಿತಿ ಎಷ್ಟು? ಐದು ಜನರವರೆಗಿನ ಕುಟುಂಬಕ್ಕೆ 10 ಯೂನಿಟ್, ಅದಕ್ಕಿಂತ ಹೆಚ್ಚಿದ್ದರೆ ತಲೆಗೆ 2 ಯೂನಿಟ್ ಸೇರಿಸಿ ಗರಿಷ್ಠ 20. ಕಾಲುವೆ ನೀರಿನಲ್ಲಿ ಎರಡು ಬೆಳೆ ತೆಗೆಯುವ ಎ ವರ್ಗದ ಜಮೀನಾದರೆ 1 ಎಕರೆ 1 ಯೂನಿಟ್. ಮಳೆಯನ್ನೇ ನಂಬಿದ ಡಿ ವರ್ಗದ ಖುಷ್ಕಿಯಾದರೆ 5.4 ಎಕರೆ 1 ಯೂನಿಟ್. ಹತ್ತು ಯೂನಿಟ್ ಅಂದರೆ ಖುಷ್ಕಿ 54 ಎಕರೆ, ದೊಡ್ಡ ಕುಟುಂಬಕ್ಕೆ 108. ಕುಟುಂಬ ಅಂದರೆ ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ವಯಸ್ಸಿಗೆ ಬಂದ ಮಗನ ಹೆಸರಲ್ಲಿ ಜಮೀನಿದ್ದರೆ ಅದು ಬೇರೆ ಲೆಕ್ಕ. ಫಾರಂ 11ರಲ್ಲಿ ಘೋಷಣೆ ಕೊಡುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಪಾಲು ಮುಗಿದಿತ್ತು. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳು ಕಲಂ 104ರಲ್ಲಿ ಮಿತಿಯಿಂದಲೇ ಹೊರಗೆ. ಅಡಿಕೆ ತೋಟಕ್ಕೆ ಆ ರಿಯಾಯಿತಿ ಇಲ್ಲ, ಚಿಕ್ಕಮಗಳೂರಿನ ಕಾಫಿ ಎಸ್ಟೇಟಿಗೆ ಉಂಟು. ಹೆಚ್ಚುವರಿ ಅಂತ ಸಿಕ್ಕ ಜಮೀನು ಗೇಣಿ ಜಮೀನಿನ ಮುಂದೆ ತೀರಾ ಕಡಿಮೆ.

ಭೂಮಿಯೇ ಇಲ್ಲದ ಕೂಲಿಯವನಿಗೆ ಈ ಕಾಯ್ದೆಯಿಂದ ಮನೆ ಕಟ್ಟಿದ್ದ ಜಾಗ ಸಿಕ್ಕಿದ್ದು ಬಿಟ್ಟರೆ ಹೆಚ್ಚೇನಿಲ್ಲ.

ಗೇಣಿಚೀಟಿ

ಎರೆಹೊಲ ಹೇಳಿದ್ದನ್ನು ಒಪ್ಪುತ್ತೇನೆ, ಕೊನೆಯ ಸಾಲಿಗೆ ಮಾತ್ರ ಒಂದು ತಿದ್ದುಪಡಿ. ಭೂಮಿ ಇಲ್ಲದವರ ಲೆಕ್ಕಕ್ಕೆ ಈ ಒಂದೇ ಕಾಯ್ದೆ ನೋಡಿದರೆ ಸಾಲದು. 1976ರ ಋಣ ಪರಿಹಾರ ಕಾಯ್ದೆ ಇದೆ. ಅದೇ ಹೊತ್ತಿನ ಜೀತವಿಮುಕ್ತಿ ಇದೆ. ಎಲ್ಲಕ್ಕಿಂತ ಗಟ್ಟಿ 1978ರ ಪಿಟಿಸಿಎಲ್ ಕಾಯ್ದೆ: ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ರದ್ದು, ಅಸಿಸ್ಟೆಂಟ್ ಕಮಿಷನರ್ ಜಮೀನನ್ನು ಮೂಲ ಮಂಜೂರಾತಿದಾರನಿಗೋ ವಾರಸುದಾರರಿಗೋ ವಾಪಸು ಕೊಡಿಸಬೇಕು. ಜಾರಿ 1979ರ ಜನವರಿ 1ರಿಂದ. ಅದಕ್ಕೂ ಹಿಂದೆ ನಡೆದ ಕ್ರಯಗಳಿಗೂ ಅನ್ವಯ. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬ ಗೊಂದಲ 2017ರ ಒಂದು ತೀರ್ಪಿನಿಂದ ಎದ್ದು, 2023ರ ತಿದ್ದುಪಡಿಯಲ್ಲಿ ಕಾಲಮಿತಿ ಇಲ್ಲ ಎಂದು ಬರೆಯಬೇಕಾಯಿತು.

ಹಾಗೆಯೇ ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದ್ದನ್ನು ಅರಸು ಹೆಸರಿಗೆ ಮಾತ್ರ ಬರೆಯಬೇಡಿ. ಅದರ ಹಿಂದೆ ನಿಂತಿದ್ದವರು ಮಂತ್ರಿ ಬಿ. ಬಸವಲಿಂಗಪ್ಪ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ‘ಬೂಸಾ’ (ದನದ ಮೇವು) ಎಂದದ್ದಕ್ಕೆ ಎದ್ದ ಗಲಾಟೆಯಲ್ಲಿ ಅವರು ಮಂತ್ರಿಗಿರಿ ಬಿಡಬೇಕಾಯಿತು.

ರೋಸ್ಟರ್‌ಬಿಂದು

ಮೂರನೆಯದು. ನೀವು ಕೇಳಿದ ನಾಲ್ಕೂ ಅಂಕಿ ಸರಿಯೇ, ಜಾಗ ಬೇರೆ ಬೇರೆ.

ಹಿನ್ನೆಲೆ ಮೊದಲು. 1962ರಲ್ಲಿ ಮೈಸೂರು ಸರ್ಕಾರ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3 ಎಂದು ಒಟ್ಟು ಶೇ 68 ಕೊಟ್ಟಿತ್ತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆಮೇಲೆ ಸುಮಾರು ಹದಿನೈದು ವರ್ಷ ರಾಜ್ಯ ಜಾತಿಯ ಗೊಡವೆ ಬಿಟ್ಟು ಕಸುಬು ಮತ್ತು ಆದಾಯ ನೋಡಿ ಮೀಸಲಾತಿ ಕೊಡುತ್ತಿತ್ತು. ಕಾಗದದ ಮೇಲೆ ಚೆಂದ. ನಿಜದಲ್ಲಿ ಆದಾಯ ಪ್ರಮಾಣಪತ್ರ ಗಿಟ್ಟಿಸಿಕೊಳ್ಳಬಲ್ಲ ದೊಡ್ಡ ಜಾತಿಗಳಿಗೇ ಹೆಚ್ಚು ಲಾಭ.

ಅರಸು 1972ರ ಆಗಸ್ಟ್‌ನಲ್ಲಿ ಎಲ್.ಜಿ. ಹಾವನೂರು ಆಯೋಗ ನೇಮಿಸಿದರು, ವರದಿ 1975ರ ನವೆಂಬರ್‌ನಲ್ಲಿ ಬಂತು. ಆಯೋಗದ ಅಳತೆಗೋಲುಗಳಲ್ಲಿ ಒಂದು 1972ರ ಎಸ್ಸೆಸ್ಸೆಲ್ಸಿ ಫಲಿತಾಂಶ: ಒಂದೊಂದು ಜಾತಿಯಲ್ಲಿ ಸಾವಿರ ಜನರಿಗೆ ಎಷ್ಟು ಮಕ್ಕಳು ಪಾಸಾದರು. ರಾಜ್ಯದ ಸರಾಸರಿಗಿಂತ ಕೆಳಗಿದ್ದರೂ ಅದರ ಅರ್ಧಕ್ಕಿಂತ ಮೇಲಿದ್ದವು ಹಿಂದುಳಿದ ಸಮುದಾಯ, ಅರ್ಧಕ್ಕಿಂತ ಕೆಳಗಿದ್ದವು ಹಿಂದುಳಿದ ಜಾತಿ ಮತ್ತು ಬುಡಕಟ್ಟು. ಸಮುದಾಯ, ಜಾತಿ, ಬುಡಕಟ್ಟು ಈ ಮೂರಕ್ಕೆ ಕ್ರಮವಾಗಿ ಶಿಫಾರಸು ಶೇ 16, 10, 6, ಕೂಡಿದರೆ 32. ಪರಿಶಿಷ್ಟರ 18 ಸೇರಿಸಿದರೆ ಸರಿಯಾಗಿ 50. ಬಾಲಾಜಿ ತೀರ್ಪಿನ ಶೇ 50ರ ಗೆರೆಯೊಳಗೆ ಕೂರಿಸಿದ್ದರು.

ಸರ್ಕಾರ 1977ರ ಫೆಬ್ರವರಿ 22ರ ಆದೇಶದಲ್ಲಿ ಅದನ್ನು 20, 10, 5 ಮಾಡಿ, ಜಾತಿ ನೋಡದೆ ಆದಾಯ–ಕಸುಬಿನ ಮೇಲೆ ‘ವಿಶೇಷ ಗುಂಪು’ ಎಂದು 5 ಸೇರಿಸಿತು. ಅಲ್ಲಿಗೆ 40. ಪರಿಶಿಷ್ಟರೂ ಸೇರಿ 58. 1979ರಲ್ಲಿ ವಿಶೇಷ ಗುಂಪನ್ನು 15ಕ್ಕೆ ಏರಿಸಿದಾಗ 68. ಅಂದರೆ 1962ರಲ್ಲಿ ಬಿದ್ದ ಅಂಕಿಗೇ ಸುತ್ತಿ ಬಂದು ನಿಂತರು. ನಂತರ ಹೈಕೋರ್ಟು, ಅಲ್ಲಿಂದ ಸುಪ್ರೀಂ ಕೋರ್ಟಿನ ವಸಂತ ಕುಮಾರ್ ಪ್ರಕರಣ. 1985ರಲ್ಲಿ ಐವರು ನ್ಯಾಯಮೂರ್ತಿಗಳು ಐದು ಬೇರೆ ಅಭಿಪ್ರಾಯ ಬರೆದರು. ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ ಆಯೋಗಗಳು ಆ ಗೊಂದಲದ ಮರಿಗಳು.

ಒಕ್ಕಲಿಗರು ಪಟ್ಟಿಯಲ್ಲಿದ್ದರು, ಲಿಂಗಾಯತರನ್ನು ಒಂದು ಸಮುದಾಯವಾಗಿ ಹೊರಗಿಟ್ಟಿತ್ತು. ವರದಿಗೆ ಬಂದ ವಿರೋಧದ ಬಿಸಿ ಎಲ್ಲಿಂದ ಅಂತ ಇದರಿಂದಲೇ ಗೊತ್ತಾಗುತ್ತದೆ. ಎರಡು ದೊಡ್ಡ ಜಾತಿಗಳನ್ನು ಒಟ್ಟಿಗೆ ಎದುರು ಹಾಕಿಕೊಳ್ಳದೆ ಒಂದನ್ನು ಒಳಗಿಟ್ಟುಕೊಂಡದ್ದು ಅರಸು ಕೈಚಳಕ ಎಂದೇ ನನ್ನ ಎಣಿಕೆ.

ಕಡತಕೋಣೆ

ನಾಲ್ಕನೆಯದು. ಇಂದಿರಾ ಜಗಳ ಕಿಡಿ ಮಾತ್ರ, ಒಣಹುಲ್ಲು ಮೊದಲೇ ಇತ್ತು.

1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೆ ಒಡೆದು ಇಂದಿರಾ ಕಾಂಗ್ರೆಸ್ ಹುಟ್ಟಿತು. ಫೆಬ್ರವರಿಯಲ್ಲಿ ಅರಸು ಆ ಪಕ್ಷಕ್ಕೆ 224ರಲ್ಲಿ 149 ಗೆದ್ದುಕೊಟ್ಟರು, ಜನತಾಕ್ಕೆ 59. ಅದೇ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಅವರನ್ನು ವೀರೇಂದ್ರ ಪಾಟೀಲರ ವಿರುದ್ಧ ಗೆಲ್ಲಿಸಿ ಲೋಕಸಭೆಗೆ ಕಳಿಸಿದರು. ಇಷ್ಟಾದ ಮೇಲೆ ರಾಜ್ಯ ತನ್ನದು ಎಂಬ ಭಾವನೆ ಅವರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಮುಖ್ಯಮಂತ್ರಿ ಸ್ಥಾನ, ಪ್ರದೇಶ ಕಾಂಗ್ರೆಸ್ ಅಧ್ಯಕ್ಷತೆ ಎರಡೂ ಅವರ ಕೈಯಲ್ಲಿದ್ದವು. ಒಂದನ್ನು ಬಿಡಿ ಎಂದಿತು ದಿಲ್ಲಿ. ಬಿಡಲಿಲ್ಲ. 1979ರ ಜೂನ್‌ನಲ್ಲಿ ಉಚ್ಚಾಟನೆ, ಪ್ರದೇಶ ಅಧ್ಯಕ್ಷತೆ ಬಂಗಾರಪ್ಪನವರಿಗೆ.

ಆ ದಿನ ಶಾಸಕರಲ್ಲಿ ಬಹುಪಾಲು ಅರಸು ಜೊತೆಗೇ ಉಳಿದರು. ಸರ್ಕಾರ ಬೀಳಲಿಲ್ಲ. ಅವರು ಕಾಂಗ್ರೆಸ್ಸಿನ ಇಂದಿರಾ ವಿರೋಧಿ ಸ್ವರ್ಣ ಸಿಂಗ್ ಬಣ ಸೇರಿ ಅದರ ರಾಷ್ಟ್ರಾಧ್ಯಕ್ಷರಾದರು, ಕಾಂಗ್ರೆಸ್ (ಯು) ಎಂಬಲ್ಲಿನ ‘ಯು’ ಅರಸು ಅವರ ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರ. 1980ರ ಜನವರಿ 3 ಮತ್ತು 6ರಂದು ಲೋಕಸಭೆಗೆ ಮತದಾನ. ಕರ್ನಾಟಕದ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, 1 ಜನತಾಕ್ಕೆ, ಅರಸು ಪಕ್ಷಕ್ಕೆ ಸೊನ್ನೆ. ಅದೇ ವಾರ ಶಾಸಕರು ಸಾಲುಗಟ್ಟಿ ಆ ಕಡೆ ನಡೆದರು. ಪಕ್ಷಾಂತರ ನಿಷೇಧ ಬಂದದ್ದು 1985ರಲ್ಲಿ. ಆಗ ತಡೆಯಲು ಯಾವ ಕಾನೂನೂ ಇರಲಿಲ್ಲ.

ಯಾಕೆ ನಡೆದರು ಅನ್ನುವುದಕ್ಕೆ ಉತ್ತರ ಅರಸು ಕಟ್ಟಿದ ಕಟ್ಟಡದಲ್ಲೇ ಇದೆ. ಅವರು ಟಿಕೆಟ್ ಕೊಟ್ಟದ್ದು ಸಣ್ಣ ಸಣ್ಣ ಜಾತಿಯ ಹೊಸಬರಿಗೆ. 1972ರ ಸಭೆಗೆ ಬಂದ ವೀರಪ್ಪ ಮೊಯಿಲಿ, ಮಲ್ಲಿಕಾರ್ಜುನ ಖರ್ಗೆ ಆ ಪೀಳಿಗೆ. ಲಿಂಗಾಯತ ಅಥವಾ ಒಕ್ಕಲಿಗ ಮುಖಂಡನಿಗೆ ಪಕ್ಷ ಕೈಬಿಟ್ಟರೂ ಕ್ಷೇತ್ರದಲ್ಲಿ ಸ್ವಂತ ಜಾತಿಯ ಮತ ಇರುತ್ತದೆ, ಪಕ್ಷೇತರನಾಗಿಯೂ ಗೆಲ್ಲಬಹುದು. ಕ್ಷೇತ್ರದಲ್ಲಿ ತನ್ನ ಜಾತಿಯ ನೂರಾರು ಮನೆಯಷ್ಟೇ ಇರುವವನಿಗೆ ಗೆಲುವು ಬರುವುದು ಪಕ್ಷದ ಗುರುತಿನಿಂದ. 1978ರಿಂದ ಆ ಗುರುತು ಹಸ್ತ, ಅದು ಉಳಿದದ್ದು ಇಂದಿರಾ ಹತ್ತಿರ. ಜಮೀನು ಪಡೆದ ಒಕ್ಕಲು ಕೂಡ ಕೊಟ್ಟವರು ಯಾರೆಂದರೆ ಅರಸು ಹೆಸರಿನ ಜೊತೆಗೆ, ಎಷ್ಟೋ ಕಡೆ ಅದಕ್ಕೂ ಮೊದಲು, ‘ಇಂದಿರಮ್ಮ’ ಎನ್ನುತ್ತಿದ್ದ. ದೊಡ್ಡ ಜಾತಿಗಳ ಹಿಡಿತ ಸಡಿಲಿಸಲು ಅರಸು ನೆಚ್ಚಿಕೊಂಡದ್ದು ಇದೇ ಹೊಸಬರನ್ನು. ದಿಲ್ಲಿಯನ್ನು ಎದುರು ಹಾಕಿಕೊಂಡಾಗ ಅವರಿಗೆ ನಿಲ್ಲಲು ನೆಲ ಇರಲಿಲ್ಲ. ಇದನ್ನು ಕೃತಘ್ನತೆ ಎಂದು ಬಣ್ಣಿಸುವವರಿದ್ದಾರೆ, ನನಗೆ ಲೆಕ್ಕಾಚಾರ ಎಂದೇ ಕಾಣುತ್ತದೆ.

ಇದರ ಬಾಲಂಗೋಚಿಯನ್ನೂ ಬರೆದುಕೊಳ್ಳಿ. ಮುಖ್ಯಮಂತ್ರಿ ಪಟ್ಟ ಗುಂಡೂರಾವ್ ಪಾಲಾದ ಮೇಲೆ ಬಂಗಾರಪ್ಪ ಮುನಿಸಿಕೊಂಡು, ಅರಸು ಕೊನೆಗಾಲದಲ್ಲಿ ಕಟ್ಟಿದ ಕರ್ನಾಟಕ ಕ್ರಾಂತಿರಂಗಕ್ಕೆ ಬಂದರು, ಅವರು ತೀರಿಕೊಂಡ ಮೇಲೆ ಅದನ್ನು ನಡೆಸಿದರು. ಜನತಾ ಮತ್ತು ರಂಗ ಕೂಡಿ 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ.

ನಾಲೆಬದಿ

ಎಲ್ಲರಿಗೂ ನಮಸ್ಕಾರ, ಟಿಪ್ಪಣಿಗೆ ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಒಂದು ಕೊನೆಯ ಪ್ರಶ್ನೆ, ಮಕ್ಕಳು ಕೇಳಿಯೇ ಕೇಳುತ್ತಾರೆ: ತಾತನ ಕಾಲದ ಫಾರಂ 7ರ ಆದೇಶ ಈಗ ಎಲ್ಲಿ ಸಿಗುತ್ತದೆ? ಆಗ ಅರ್ಜಿಯನ್ನೇ ಹಾಕದವರಿಗೆ ದಾರಿ ಇದೆಯೇ?

ಗೇಣಿಚೀಟಿ

ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಹೋಗಿ. ಬರೀ ಹೆಸರು ಹೇಳಿದರೆ ಹುಡುಕಿ ಕೊಡುವುದಿಲ್ಲ. ಊರು, ಹೋಬಳಿ, ಹಳೆಯ ಸರ್ವೆ ನಂಬರು ಬೇಕು, ನ್ಯಾಯಮಂಡಳಿಯ ಕೇಸು ನಂಬರು ಇದ್ದರೆ ಕೆಲಸ ಅರ್ಧ ಮುಗಿದಂತೆ. ಕೇಸು ನಂಬರು ಗೊತ್ತಿಲ್ಲದಿದ್ದರೆ ಹಿಂದಿನಿಂದ ಬನ್ನಿ: ಈಗಿನ ಪಹಣಿಯಲ್ಲಿ ಮ್ಯುಟೇಶನ್ ನಂಬರು ನೋಡಿ, ಆ ಮ್ಯುಟೇಶನ್ನಿನ ನಕಲು ತೆಗೆಸಿ, ಹಕ್ಕು ಬಂದದ್ದು ಹೇಗೆ ಎಂಬಲ್ಲಿ ಮಂಡಳಿಯ ಆದೇಶದ ನಂಬರು, ದಿನಾಂಕ ಇರುತ್ತದೆ. ಅದನ್ನು ಹಾಕಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಆದೇಶ, ಫಾರಂ 7, ಫಾರಂ 10 ಮೂರನ್ನೂ ಹೆಸರಿಸಿ ಕೇಳಿ, ‘ಕಡತದ ನಕಲು’ ಅಂತಷ್ಟೇ ಬರೆದರೆ ಆದೇಶದ ಹಾಳೆ ಮಾತ್ರ ಕೊಟ್ಟು ಕಳಿಸುತ್ತಾರೆ. ಜೊತೆಗೆ 1968–69ರಿಂದ 1974–75ರವರೆಗಿನ ಕೈಬರಹದ ಪಹಣಿಯನ್ನೂ ತೆಗೆಸಿಟ್ಟುಕೊಳ್ಳುವುದು ಒಳ್ಳೆಯದು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಂಜೂರಾಗಿದ್ದರೆ ಪೋಡಿ (ಆ ಭಾಗವನ್ನು ಅಳೆದು ನಕ್ಷೆಯಲ್ಲಿ ಬೇರೆ ಮಾಡುವುದು) ಆಗಿದೆಯೇ ಎಂದೂ ನೋಡಿ, ಆದೇಶದಲ್ಲಿ 2 ಎಕರೆ ಇದ್ದು ನಕ್ಷೆಯಲ್ಲಿ ಗೆರೆಯೇ ಇಲ್ಲದ ಜಮೀನುಗಳು ಸಾಕಷ್ಟಿವೆ.

ಅರ್ಜಿ ಹಾಕದವರಿಗೆಂದು 1998ರಲ್ಲಿ ಕಲಂ 77ಎ ಸೇರಿಸಿ ಫಾರಂ 7ಎ ತಂದರು. 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿದಾರನಾಗಿದ್ದು, ಅನುಭವದಲ್ಲಿ ಮುಂದುವರಿದಿರಬೇಕು, ಇರುವ ಜಮೀನೆಲ್ಲ ಸೇರಿ ಡಿ ವರ್ಗದ 2 ಹೆಕ್ಟೇರ್ ಮೀರಬಾರದು. ತೀರ್ಮಾನ ಮಂಡಳಿಯದ್ದಲ್ಲ, ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟವರದ್ದು. ಅದಕ್ಕೂ ಗಡುವಿತ್ತು, ಅದು ಮುಗಿದಿದೆ. ಫಾರಂ 7 ಹಾಕಿ ತಿರಸ್ಕಾರವಾದವರು 7ಎ ಹಾಕುವಂತಿರಲಿಲ್ಲ. ಹಾಕಿ ಮತ್ತೆ ತಿರಸ್ಕಾರ ಪಡೆದ ಕಡತಗಳೂ ಅದೇ ಅಭಿಲೇಖಾಲಯದಲ್ಲಿವೆ, ನಕಲು ತೆಗೆಸುವಾಗ ಎರಡನ್ನೂ ಒಂದೇ ಎಂದುಕೊಂಡು ತಪ್ಪು ಕಡತ ತರಬೇಡಿ.